ಮೂರು ಮೀಟರ್ ಸಿಮೆಂಟು ಮತ್ತು ರಾಡ್ನಿ ಮಲ್ಲೆನ್ ಅವರ ಕಾಲು

ಮುಂಬಯಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಸ್ಕೇಟ್‌ಬೋರ್ಡ್ ಆಡುವವರಿಗೆ ಒಣ ನೆಲ ಸಿಗುವುದೇ ಕಷ್ಟ. ನಾವಿರುವುದು ಮುಲುಂಡಿನ ಒಂದು ಹಳೇ ಸೊಸೈಟಿಯಲ್ಲಿ. ಕೆಳಗೆ ಪಾರ್ಕಿಂಗ್ ಇದೆ, ಅಲ್ಲಿ ಹಾಸಿರುವುದು ಶಹಾಬಾದ್ ಕಲ್ಲು, ನಮ್ಮ ಕಲಬುರಗಿ ಕಡೆಯದೇ. ಅಪ್ಪನಿಗೆ ಆ ಕಲ್ಲು ಕಂಡರೆ ಊರು ಕಂಡಷ್ಟು ಖುಷಿ. ನನಗೆ ಅದರ ಸಂದುಗಳದ್ದೇ ಕಾಟ. ನನ್ನ ಬೋರ್ಡಿನ ಚಕ್ರದ ವ್ಯಾಸ 52 ಮಿಲಿಮೀಟರ್. ಅಷ್ಟು ಸಣ್ಣ ಗಟ್ಟಿ ಚಕ್ರ ಸಂದಿಯಲ್ಲಿ ಸಿಕ್ಕಿಕೊಂಡರೆ ಬೋರ್ಡ್ ಅಲ್ಲೇ ನಿಲ್ಲುತ್ತದೆ, ಮೇಲೆ ನಿಂತವರು ಮುಂದೆ ಹೋಗುತ್ತಾರೆ. ಹೋದ ವರ್ಷ ಹಾಗೆ ಬಿದ್ದು ಮಣಿಕಟ್ಟು ಉಳುಕಿ, ಮೂರು ವಾರ ಪಟ್ಟಿ ಕಟ್ಟಿಕೊಂಡು ಓಡಾಡಿದೆ. ಈಗ ನೀರಿನ ಪಂಪಿನ ಪಕ್ಕ, ಪೈಪ್ ರಿಪೇರಿಗೆ ಅಗೆದು ಮತ್ತೆ ಸಿಮೆಂಟು ಬಳಿದ ಜಾಗದಲ್ಲಿ ಮಾತ್ರ ಆಡುತ್ತೇನೆ. ಉದ್ದ, ಅಗಲ ಎರಡೂ ಸುಮಾರು ಮೂರು ಮೀಟರ್.

ಅಲ್ಲಿ ನಿಂತಾಗೆಲ್ಲ ನನಗೆ ಸ್ಕೇಟ್‌ಬೋರ್ಡ್ ಆಟಗಾರ ರಾಡ್ನಿ ಮಲ್ಲೆನ್ ನೆನಪಾಗುತ್ತಾರೆ.

ಅವರು ಹುಟ್ಟಿದ್ದು 1966ರಲ್ಲಿ, ಅಮೆರಿಕದ ಫ್ಲಾರಿಡಾ ರಾಜ್ಯದ ಗೇನ್ಸ್‌ವಿಲ್‌ನಲ್ಲಿ. ಹತ್ತು ವರ್ಷದ ಹುಡುಗ ಬೋರ್ಡ್ ಬೇಕೆಂದು ಹಟ ಹಿಡಿದಾಗ ಅಪ್ಪ ಒಂದು ಷರತ್ತು ಹಾಕಿ ಒಪ್ಪಿದರು. ದೊಡ್ಡ ಪೆಟ್ಟು ಮಾಡಿಕೊಂಡ ದಿನವೇ ಆಟ ಬಂದ್. ಹುಡುಗ ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ಒಬ್ಬನೇ ಗಂಟೆಗಟ್ಟಲೆ ಅಭ್ಯಾಸ ಮಾಡಿದ. 1980ರಲ್ಲಿ, 14ನೇ ವಯಸ್ಸಿನಲ್ಲಿ, ಫ್ರೀಸ್ಟೈಲ್ ವಿಶ್ವ ಸ್ಪರ್ಧೆ ಗೆದ್ದ. ಆಮೇಲಿನ ಹತ್ತು ವರ್ಷದ ಫ್ರೀಸ್ಟೈಲ್ ಸ್ಪರ್ಧೆಗಳಲ್ಲಿ ಅವರು ಸೋತದ್ದು ಒಂದೇ ಒಂದು ಸಲ. ಫ್ರೀಸ್ಟೈಲ್ ಅಂದರೆ ಸಪಾಟು ನೆಲದ ಆಟ. ಮೆಟ್ಟಿಲು ಹಾರುವುದಿಲ್ಲ, ಗೋಡೆ ಹತ್ತುವುದಿಲ್ಲ; ನೆಲ, ಬೋರ್ಡ್, ಎರಡು ಕಾಲು, ಅಷ್ಟೇ.

ಎತ್ತರದಿಂದ ಹಾರುವವರ ವೀಡಿಯೋ ನೋಡಿದರೆ ಎದೆ ಝಲ್ಲೆನ್ನುತ್ತದೆ, ನಿಜ. ಆದರೆ ಅಲ್ಲಿ ಎತ್ತರ, ವೇಗ, ಭಯ ಎಲ್ಲ ಸೇರಿ ಕಾಲು ಏನು ಮಾಡಿತು ಅನ್ನುವುದೇ ಕಾಣುವುದಿಲ್ಲ. ಮಲ್ಲೆನ್ ಅವರನ್ನು ನೋಡಿದರೆ ಕಾಲು ಕಾಣುತ್ತದೆ. ಸ್ವಲ್ಪ ಬಗ್ಗಿದ ಮೈ, ಪುಟ್ಟ ಪುಟ್ಟ ಹೆಜ್ಜೆ, ಪಾದದ ಕೆಳಗೆ ಒಂದು ಕ್ಷಣವೂ ಸುಮ್ಮನಿರದ ಹಲಗೆ. ಅವರ ಸ್ಟೈಲ್ ಅನ್ನುವುದು ಮೇಲೆ ಹಚ್ಚಿದ ಬಣ್ಣವಲ್ಲ. ಭೌತಶಾಸ್ತ್ರ ಒಡ್ಡುವ ಒಂದೊಂದು ಕಷ್ಟಕ್ಕೂ ಅವರ ಪಾದ ಕಂಡುಕೊಂಡ ಉತ್ತರ ಅದು. ಶಾಲೆಯಲ್ಲಿ ಅರ್ಥವಾಗದ ಎಷ್ಟೋ ವಿಷಯ ನನಗೆ ಅರ್ಥವಾದದ್ದು ಅವರ ಪಾದ ನೋಡಿಯೇ.

ಮೊದಲು ಆಲಿ. ಕೈಯಲ್ಲಿ ಹಿಡಿಯದೆ ಬೋರ್ಡಿನ ಸಮೇತ ಹಾರುವ ಕಲೆ. ಇದನ್ನು 1970ರ ದಶಕದ ಕೊನೆಯಲ್ಲಿ ಫ್ಲಾರಿಡಾದವರೇ ಆದ ಆಲನ್ ಗೆಲ್ಫಂಡ್ ಎಂಬ ಹುಡುಗ ಬಾಣಲೆಯಂಥ ಗುಂಡಿಯ ಗೋಡೆ ಮೇಲೆ ಕಂಡುಹಿಡಿದ. 'ಆಲಿ' ಅವನ ಅಡ್ಡಹೆಸರು. ಗೋಡೆಯಾದರೆ ಅದೇ ನಿಮ್ಮನ್ನು ಮೇಲಕ್ಕೆ ಒಯ್ಯುತ್ತದೆ. ಸಪಾಟು ನೆಲದಲ್ಲಿ ಮೇಲಕ್ಕೆ ಎತ್ತುವವರು ಯಾರು? 1980ರ ದಶಕದ ಆರಂಭದಲ್ಲಿ ಮಲ್ಲೆನ್ ತೋರಿಸಿದ್ದು ಇದನ್ನೇ: ನೆಲವೇ ಎತ್ತುತ್ತದೆ. ಹಿಂದಿನ ಕಾಲಿನಿಂದ ಬೋರ್ಡಿನ ಬಾಲವನ್ನು ಜೋರಾಗಿ ಒದ್ದರೆ ಅದು ನೆಲಕ್ಕೆ ಬಡಿದು ಪುಟಿಯುತ್ತದೆ, ಮೂತಿ ಮೇಲೇಳುತ್ತದೆ. ಆಗ ಮುಂದಿನ ಪಾದದ ಅಂಚು ಬೋರ್ಡಿನ ಮೇಲಿನ ಮರಳು ಕಾಗದದಂಥ ಹಾಳೆಯನ್ನು ಉಜ್ಜುತ್ತಾ ಮುಂದಕ್ಕೆ ಜಾರುತ್ತದೆ. ಆ ಘರ್ಷಣೆಯೇ ಬೋರ್ಡನ್ನು ಮೇಲಕ್ಕೆ ಎಳೆಯುತ್ತದೆ. ನನ್ನ ಶೂಗಳೆಲ್ಲ ಒಂದೇ ಜಾಗದಲ್ಲಿ, ಕಿರುಬೆರಳಿನ ಹತ್ತಿರ, ತೂತಾಗುವುದು ಇದಕ್ಕೇ.

ಆಮೇಲೆ ಬೋರ್ಡ್ ಪಾದಕ್ಕೆ ಅಂಟಿಕೊಂಡಂತೆ ಕಾಣುತ್ತದಲ್ವಾ, ಅದರಲ್ಲಿ ಮೋಸವೇನಿಲ್ಲ. ಗಾಳಿಯಲ್ಲಿ ಮನುಷ್ಯ, ಮರ ಎರಡೂ ಒಂದೇ ಲೆಕ್ಕದಲ್ಲಿ ಬೀಳುತ್ತವೆ, ಗುರುತ್ವಕ್ಕೆ ಭಾರದ ಭೇದವಿಲ್ಲ. 30 ಸೆಂಟಿಮೀಟರ್ ಎತ್ತರ ಹಾರಿದರೆ ಏರಿ ಇಳಿಯುವುದಕ್ಕೆ ಸಿಗುವ ಸಮಯ ಸುಮಾರು ಅರ್ಧ ಸೆಕೆಂಡ್. ಏನೇ ಮಾಡುವುದಿದ್ದರೂ ಅಷ್ಟರೊಳಗೆ ಮಾಡಬೇಕು. (ಬೋರ್ಡ್ ಏಳು ಪದರ ಮೇಪಲ್ ಮರದ ಪ್ಲೈವುಡ್. ನಮ್ಮ ಜುಲೈ ತಿಂಗಳ ತೇವ ಕುಡಿದರೆ ಅದರ ಪುಟಿತ ಸತ್ತೇ ಹೋಗುತ್ತದೆ. ನಾನು ನನ್ನದನ್ನು ಕಪಾಟಿನಲ್ಲಿ, ಅಮ್ಮನ ರೇಷ್ಮೆ ಸೀರೆಗಳ ಕೆಳಗೆ ಇಡುತ್ತೇನೆ. ಅಲ್ಲಿ ಮಾತ್ರ ತೇವ ಇರುವುದಿಲ್ಲ.)

ಈಗ ನನಗೆ ಅತಿ ಇಷ್ಟದ ವಿಷಯಕ್ಕೆ ಬರುತ್ತೇನೆ. ಹಲಗೆ ಮೂರು ಬಗೆಯಲ್ಲಿ ತಿರುಗಬಹುದು. ಮಳೆಯಲ್ಲಿ ರಸ್ತೆ ಬದಿ ಕೆಂಡದ ಮೇಲೆ ಜೋಳದ ತೆನೆ ಸುಡುತ್ತಾರಲ್ಲ, ಆ ತೆನೆಯನ್ನು ಹೊರಳಿಸುವ ಹಾಗೆ ಉದ್ದದ ಸುತ್ತ ತಿರುಗುವುದು ಒಂದು. ಬೀಸುವ ಕಲ್ಲಿನ ಹಾಗೆ ಮಲಗಿದಲ್ಲೇ ಸುತ್ತುವುದು ಇನ್ನೊಂದು. ಮೂತಿ ಮುಂದಾಗಿ ಲಾಗ ಹಾಕುವುದು ಮೂರನೆಯದು. ಯಾವ ವಸ್ತುವೂ ತಾನಾಗಿ ತಿರುಗಲು ಒಪ್ಪುವುದಿಲ್ಲ, ಅದೇ ಜಡತ್ವ. ಭಾರ ಅಕ್ಷದಿಂದ ದೂರ ಇದ್ದಷ್ಟೂ ಆ ಹಟ ಜಾಸ್ತಿ. ಬೋರ್ಡಿನ ಅಗಲ ಸುಮಾರು 20 ಸೆಂಟಿಮೀಟರ್, ಉದ್ದ ಸುಮಾರು 80. ಬರೀ ಹಲಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ತೆನೆಯ ಹಾಗೆ ಹೊರಳಿಸುವುದಕ್ಕಿಂತ ಲಾಗ ಹಾಕಿಸುವುದು ಸುಮಾರು 16 ಪಟ್ಟು ಕಷ್ಟ. ಯಾಕೆಂದರೆ ಇಲ್ಲಿ ದೂರದ ವರ್ಗ ಲೆಕ್ಕಕ್ಕೆ ಬರುತ್ತದೆ, 4 ಪಟ್ಟು ಉದ್ದ ಇದ್ದರೆ 4 ಸಲ 4.

ಮಲ್ಲೆನ್ ಕಂಡುಹಿಡಿದ ಕಿಕ್‌ಫ್ಲಿಪ್ ತೆನೆಯ ಬಗೆಯದು. ಹಾರಿದ ಮೇಲೆ ಮುಂದಿನ ಪಾದ ಅಂಚಿನಿಂದ ಹೊರಕ್ಕೆ ಒಂದು ಸಣ್ಣ ಚಿಟಿಕೆ ಕೊಟ್ಟರೆ ಸಾಕು, ಹಲಗೆ ಪೂರ್ತಿ ಒಂದು ಸುತ್ತು ಹೊಡೆದು ಕಾಲಿನ ಕೆಳಗೆ ಬರುತ್ತದೆ. ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ಯಾವ ಹುಡುಗಿ, ಹುಡುಗ ಬೋರ್ಡ್ ಹತ್ತಿದರೂ ಕಲಿಯಲು ಆಸೆ ಪಡುವ ಟ್ರಿಕ್ ಅದು.

ಲಾಗದ ಕಥೆ ಬೇರೆಯೇ. ನಂಬಿಕೆ ಬರದಿದ್ದರೆ ಒಂದು ದಪ್ಪ ಪುಸ್ತಕ ತಗೊಂಡು, ತೆರೆಯದ ಹಾಗೆ ರಬ್ಬರ್ ಬ್ಯಾಂಡ್ ಹಾಕಿ. ತೆನೆಯ ಹಾಗೆ ಹೊರಳಿಸಿ ಎಸೆಯಿರಿ, ಚೆನ್ನಾಗಿ ಸುತ್ತುತ್ತದೆ. ಬೀಸುವ ಕಲ್ಲಿನ ಹಾಗೆ ಎಸೆಯಿರಿ, ಅದೂ ಸರಿ. ಈಗ ಮುಖಪುಟ ನಿಮ್ಮ ಕಡೆ ಇಟ್ಟು, ಲಾಗ ಹಾಕಿಸಿ ಎಸೆದು ಹಿಡಿಯಿರಿ. ಪುಸ್ತಕದ ಬೆನ್ನು ಎಡಗಡೆ ಇದ್ದದ್ದು ಬಲಕ್ಕೆ ಬಂದಿರುತ್ತದೆ. ನೀವು ತಿರುಚಲಿಲ್ಲ, ಅದೇ ಅರ್ಧ ಸುತ್ತು ತಿರುಚಿಕೊಂಡಿತು. ಮೂರು ಅಕ್ಷಗಳಲ್ಲಿ ಜಡತ್ವ ಅತಿ ಕಡಿಮೆ ಇರುವುದು, ಅತಿ ಜಾಸ್ತಿ ಇರುವುದು, ಎರಡೂ ಸ್ಥಿರ. ಸ್ವಲ್ಪ ಅಲುಗಾಡಿದರೂ ಅಲುಗಾಟ ಬೆಳೆಯುವುದಿಲ್ಲ. ನಡುವಿನ ಅಕ್ಷ ಹಾಗಲ್ಲ. ಅದು ಮೊನೆ ಮೇಲೆ ನಿಲ್ಲಿಸಿದ ಪೆನ್ಸಿಲ್. ಕೂದಲೆಳೆಯಷ್ಟು ತಪ್ಪಿದರೂ ಆ ತಪ್ಪು ಬೆಳೆಯುತ್ತಲೇ ಹೋಗುತ್ತದೆ. 1985ರಲ್ಲಿ ಸಲ್ಯೂತ್-7 ಬಾಹ್ಯಾಕಾಶ ನಿಲ್ದಾಣದಲ್ಲಿ ಸೋವಿಯತ್ ಗಗನಯಾತ್ರಿ ವ್ಲಾದಿಮಿರ್ ಜಾನಿಬೆಕೊವ್ ರೆಕ್ಕೆಯಿರುವ ಒಂದು ನಟ್ಟು ತಿರುಗುತ್ತಾ ತೇಲುವುದನ್ನು ನೋಡಿದರು. ಅದು ನೇರ ಹೋಗುತ್ತಾ ಹೋಗುತ್ತಾ ತಟ್ಟನೆ ಹಿಂದುಮುಂದಾಗುತ್ತಿತ್ತು, ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಗೇ. ಕಾರಣ ಇದೇ ನಡುವಿನ ಅಕ್ಷ.

ಸ್ಕೇಟ್‌ಬೋರ್ಡಿನ ನಡುವಿನ ಅಕ್ಷವೂ ಲಾಗದ್ದೇ. ಅಂದರೆ ಬೋರ್ಡಿಗೆ ಲಾಗ ಹಾಕಿಸಿ ಗಾಳಿಗೆ ಬಿಟ್ಟರೆ ಅದು ತಿರುಚಿಕೊಂಡು ಚಕ್ರ ಮೇಲಾಗಿಯೋ ಅಡ್ಡಡ್ಡವಾಗಿಯೋ ಬೀಳಲು ತಯಾರಾಗಿಯೇ ಇರುತ್ತದೆ. ಮಲ್ಲೆನ್ ಮಾಡಿದ ಲಾಗದ ಟ್ರಿಕ್ಕಿನ ಹೆಸರು 'ಇಂಪಾಸಿಬಲ್', ಅಸಾಧ್ಯ ಅಂತ. ಅವರು ಅದನ್ನು ಹೇಗೆ ಮಾಡಿದರು ನೋಡಿ. ಬೋರ್ಡನ್ನು ಗಾಳಿಗೆ ಬಿಡಲೇ ಇಲ್ಲ. ಹಿಂದಿನ ಪಾದವನ್ನೇ ಅಕ್ಷ ಮಾಡಿಕೊಂಡರು. ಹಲಗೆ ಪಾದದ ಸುತ್ತ, ಬಳ್ಳಿ ಕಂಬವನ್ನು ಸುತ್ತಿದ ಹಾಗೆ, ಬಳಸಿಕೊಂಡು ಮೇಲೆ ಬಂದು ಮತ್ತೆ ಕೆಳಗೆ ಹೋಗುತ್ತದೆ. ಬಹುಪಾಲು ಹೊತ್ತು ಪಾದ ತಾಗಿಕೊಂಡೇ ಇರುತ್ತದೆ, ತಪ್ಪು ಬೆಳೆಯುವ ಮೊದಲೇ ತಿದ್ದುತ್ತದೆ. ಆ ಕಾಗದದ ಲೆಕ್ಕ ಅವರ ತಲೆಯಲ್ಲಿತ್ತೋ ಇಲ್ಲವೋ, ಪಾದಕ್ಕಂತೂ ಗೊತ್ತಿತ್ತು. ಇದನ್ನು ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

1990ರ ದಶಕ ಬರುವ ಹೊತ್ತಿಗೆ ಫ್ರೀಸ್ಟೈಲ್ ಸ್ಪರ್ಧೆಗಳನ್ನು ಕೇಳುವವರಿಲ್ಲದಂತಾಯಿತು. ಅವರು ಬೀದಿಗೆ ಬಂದರು. ಗ್ಯಾರೇಜಿನಲ್ಲಿ ಕಲಿತದ್ದನ್ನೇ ಬೆಂಚು, ಕಟ್ಟೆಗಳ ಮೇಲೆ ಮಾಡತೊಡಗಿದರು. ಬೋರ್ಡನ್ನು ಬೋರಲು ಹಾಕಿ, ಚಕ್ರ ಆಕಾಶಕ್ಕೆ ಮಾಡಿ, ಅದರ ಮೇಲೆ ನಿಂತು ಕಟ್ಟೆ ಮೇಲೆ ಜಾರುವ 'ಡಾರ್ಕ್‌ಸ್ಲೈಡ್' ಅವರದೇ.

ದೇಹ ಮಾತ್ರ ಇದಕ್ಕೆಲ್ಲ ಬೆಲೆ ತೆತ್ತಿತು. ಎಷ್ಟೋ ವರ್ಷ ಒಂದೇ ಕಾಲು ಮುಂದೆ, ಒಂದೇ ಕಡೆ ತಿರುಗು, ಸಾವಿರಾರು ಸಲ ಬೀಳು. ಸೊಂಟದ ಕೀಲಿನ ಸುತ್ತ ಗಾಯದ ಅಂಗಾಂಶ ಬೆಳೆದು ಕಾಲು ಬಿಗಿದುಕೊಂಡಿತು. ಗಾಯ ಮಾಯುವಾಗ ದೇಹ ಅವಸರದಲ್ಲಿ ಹೆಣೆಯುವ ನಾರು ಅದು, ಒರಿಜಿನಲ್ ಸ್ನಾಯುವಿನಂತೆ ಎಳೆದರೆ ಹಿಗ್ಗುವುದಿಲ್ಲ. ಅವರು ವರ್ಷಗಟ್ಟಲೆ ತಾವೇ ಒತ್ತಿ, ಎಳೆದು ಆ ಬಿಗಿತ ಬಿಡಿಸಿಕೊಂಡರು. (ಬೇರೆಯವರು ಮಾಡಬಾರದು, ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ.) ಆಮೇಲೆ ಎಡ, ಬಲ ಎಂಬ ಭೇದವೇ ಉಳಿಯದ ಹಾಗೆ ಹೊಸದಾಗಿ ನಿಲ್ಲಲು ಕಲಿತರು. ಎಡಗೈಯಲ್ಲಿ ಊಟ ಮಾಡಲು ಕಲಿತ ಹಾಗೆ, ಅದೂ ನಡುವಯಸ್ಸಿನಲ್ಲಿ. 2016ರಲ್ಲಿ, 50ರ ಆಸುಪಾಸಿನಲ್ಲಿ, ಸುತ್ತಲೂ ಕ್ಯಾಮೆರಾ ಇಟ್ಟು ತೆಗೆದ ಕಿರುಚಿತ್ರವೊಂದರಲ್ಲಿ ಅವರು ಮತ್ತೆ ಕಾಣಿಸಿಕೊಂಡರು. ಬೋರ್ಡ್ ಗಾಳಿಯಲ್ಲಿರುವಾಗ ಕ್ಯಾಮೆರಾ ಅದರ ಸುತ್ತ ಬರುತ್ತದೆ. ನಾನು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ, ಪಾದ ಎಲ್ಲಿದೆ ಅಂತ.

ಹೋದ ಭಾನುವಾರ ಅಕ್ಕನ ಮಗನಿಗೆ ಪುಸ್ತಕದ ಆಟ ತೋರಿಸಿದೆ. ಅವನು ಹತ್ತು ಸಲ ಎಸೆದ, ಹತ್ತು ಸಲವೂ ಬೆನ್ನು ಆ ಕಡೆ ಹೋಯಿತು. "ಮಾಮ, ಇದು ಕೇಳೋದೇ ಇಲ್ಲ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ಸಲ ಪುಸ್ತಕವನ್ನು ಎಸೆಯದೆ ಅಂಗೈಯ ಸುತ್ತ ಹೊರಳಿಸತೊಡಗಿದ. ನಿಧಾನವಾಗಿ, ಬೆರಳಿನಿಂದ ತಡೆದು ತಡೆದು. ಬೆನ್ನು ಎಡಗಡೆಯೇ ಉಳಿಯಿತು. ಹೊರಗೆ ಮಳೆ ಜೋರಾಗಿತ್ತು, ಪಂಪಿನ ಪಕ್ಕದ ಸಿಮೆಂಟು ಒಣಗಿತ್ತು. ಬೋರ್ಡ್ ತಗೊಂಡು ಇಬ್ಬರೂ ಕೆಳಗೆ ಇಳಿದೆವು.