ಎಲ್ಲರಿಗೂ ಬೇಕು, ಆದರೆ ಅರೆಕಾಲಿಕ

ಆಯುಷ್ ಆರೋಗ್ಯ ಕೇಂದ್ರಗಳಿಗೆ ಯೋಗ ತರಬೇತುದಾರರು ಬೇಕು ಅಂತ ನಮ್ಮ ಜಿಲ್ಲೆಗಳಲ್ಲಿ ಆಗಾಗ ಪ್ರಕಟಣೆ ಬರುತ್ತದೆ. ಅದರಲ್ಲಿ ಬಂದಿರುವ ಲೆಕ್ಕ ಹೀಗಿದೆ: ಪುರುಷ ತರಬೇತುದಾರರಿಗೆ ತಿಂಗಳಿಗೆ 32 ತರಗತಿ, 8000 ರೂಪಾಯಿ. ಮಹಿಳೆಯರಿಗೆ 20 ತರಗತಿ, 5000 ರೂಪಾಯಿ. ಅಂದರೆ ತರಗತಿಗೆ 250. ಹುದ್ದೆಯ ಹೆಸರಿನಲ್ಲೇ ‘ಅರೆಕಾಲಿಕ’ ಅಂತ ಇದೆ.

ಮಕ್ಕಳಿಂದ ಮುದುಕರ ತನಕ ಊರಿನವರನ್ನೆಲ್ಲ ಆಡಿಸುವುದು, ಮೈ ಬಗ್ಗಿಸುವುದು, ನಾಲ್ಕು ಜನರ ಜೊತೆ ಬೆರೆಯುವ ಹಾಗೆ ಮಾಡುವುದು ಒಂದು ಕಸುಬು. ಇದನ್ನೇ ನಂಬಿ ಬದುಕಬೇಕು ಅನ್ನುವ ಹುಡುಗ ಹುಡುಗಿಯರಿಗೆ ಮೊದಲು ಎದುರಾಗುವುದು ಈ ‘ಅರೆ’. ಇದು ಯಾಕೆ ಪೂರ್ತಿ ಕೆಲಸ ಆಗಲಿಲ್ಲ? ನೂರು ವರ್ಷದಿಂದ ಈ ಕೆಲಸಕ್ಕೆ ದುಡ್ಡು ಕೊಟ್ಟವರು ಯಾರು ಅಂತ ನೋಡಿದರೆ ಉತ್ತರ ಸಿಗುತ್ತದೆ.

ಹಳೇ ಮೈಸೂರು ಸೀಮೆಯಲ್ಲಿ ಈ ಕೆಲಸ ಗರಡಿ ಮನೆಯದು. ಮಟ್ಟಿಗೆ, ಅಂದರೆ ಕುಸ್ತಿ ಆಡುವ ಕಣಕ್ಕೆ, ಕೆಮ್ಮಣ್ಣು ತಂದು ಜರಡಿ ಹಿಡಿದು, ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡುತ್ತಿದ್ದರು. ಹುಡುಗರು ದಂಡ, ಬಸ್ಕಿ ಹೊಡೆದು, ಗದೆ ತಿರುಗಿಸಿ ಸಾಮು ಮಾಡುತ್ತಿದ್ದರು. ಉಸ್ತಾದರಿಗೆ ಸಂಬಳ ಅಂತ ಇರಲಿಲ್ಲ. ಶಿಷ್ಯರ ಕಾಣಿಕೆ, ಕೇರಿಯವರ ಗೌರವ, ದಸರಾ ಕುಸ್ತಿ ಬಂದರೆ ಅರಮನೆಯ ಉಡುಗೊರೆ, ಇಷ್ಟೇ. ಉಸ್ತಾದರು ಮೂಳೆ ಉಳುಕಿದರೆ ನೀವುತ್ತಿದ್ದರು, ಏನು ತಿನ್ನಬೇಕು ಅಂತ ಹೇಳುತ್ತಿದ್ದರು, ದಾರಿ ತಪ್ಪಿದ ಹುಡುಗನ ಕಿವಿ ಹಿಂಡುತ್ತಿದ್ದರು. ಆದರೆ ಹೆಂಗಸರು ಒಳಗೆ ಕಾಲಿಡುವ ಹಾಗಿರಲಿಲ್ಲ. ಅರ್ಧ ಊರು ಹೊಸ್ತಿಲಾಚೆಯೇ ಉಳಿಯಿತು.

ಇದನ್ನು ದುಡಿಮೆಯಾಗಿ ಮಾಡಿ ತೋರಿಸಿದವರಲ್ಲಿ ಬೆಂಗಳೂರಿನ ಕೆ.ವಿ. ಅಯ್ಯರ್ ಮುಖ್ಯರು. ಕಾದಂಬರಿಕಾರರಾಗಿ ಅವರು ಕನ್ನಡಿಗರಿಗೆ ಚೆನ್ನಾಗಿ ಗೊತ್ತು. 1920ರ ದಶಕದಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ಶುರು ಮಾಡಿದ ಅವರು, ಮುಂದೆ ವ್ಯಾಯಾಮಶಾಲೆ ಕಟ್ಟಿದರು. ಬಾರ್‌ಬೆಲ್ಲಿನ ಜೊತೆಗೇ ಸೂರ್ಯನಮಸ್ಕಾರ, ಆಸನ ಎಲ್ಲ ಹೇಳಿಕೊಟ್ಟರು. ಬರಲಾಗದ ದೂರದ ಊರಿನವರಿಗೆ ಅಂಚೆ ಮೂಲಕ ಪಾಠ ಕಳಿಸಿದರು. ಪಾಠಕ್ಕೆ ಶುಲ್ಕ ಇತ್ತು. ಮೈ ಪಳಗಿಸುವ ವಿದ್ಯೆಗೆ ದುಡ್ಡು ಕೇಳುವುದು ತಪ್ಪಲ್ಲ ಅಂತ ಅವರು ನಡೆದು ತೋರಿಸಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಹಾಗಿದ್ದರೂ ಶುಲ್ಕ ಕೊಡಬಲ್ಲವರಿಗೆ ಮಾತ್ರ ಆ ಬಾಗಿಲು ತೆರೆದಿತ್ತು.

ಅದೇ ಕಾಲಕ್ಕೆ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸರೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸುತ್ತಿದ್ದರು. ಅವರ ಶಿಷ್ಯ, ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, 1937ರಲ್ಲಿ ಆರು ತಿಂಗಳ ಮಟ್ಟಿಗೆ ಅಂತ ಪುಣೆಗೆ ಕಲಿಸಲು ಹೋದರು. ಆಗ ಇನ್ನೂ ಇಪ್ಪತ್ತು ತುಂಬದ ಹುಡುಗ. ಆ ಕೆಲಸ ಮುಗಿದ ಮೇಲೆ ಹೊಟ್ಟೆಗಿಲ್ಲದೆ ಕಳೆದ ದಿನಗಳ ಬಗ್ಗೆ ಅವರೇ ಹೇಳಿಕೊಂಡಿದ್ದಾರೆ. ಸ್ವಾತಂತ್ರ್ಯ ಬಂದ ಮೇಲೆ ಅರಮನೆಯ ದುಡ್ಡು ನಿಂತಿತು. ಮೈಸೂರಿನ ಶಾಲೆಯೂ ಮುಚ್ಚಿತು. ಕೃಷ್ಣಮಾಚಾರ್ಯರು ಕೊನೆಗೆ ಮದರಾಸು ಸೇರಿದರು.

ಇಬ್ಬರೂ ಆಮೇಲೆ ಮಾಡಿದ ಕೆಲಸ ಗಮನಿಸಬೇಕು. ಕೃಷ್ಣಮಾಚಾರ್ಯರು ಮದರಾಸಿನಲ್ಲಿ ಒಬ್ಬೊಬ್ಬರ ವಯಸ್ಸು, ಕಾಯಿಲೆ ನೋಡಿ ಬೇರೆ ಬೇರೆ ಪಾಠ ಹೇಳಿದರು. ಅಯ್ಯಂಗಾರರು ಕುರ್ಚಿ, ಹಗ್ಗ, ಬೆಲ್ಟು, ಮರದ ಇಟ್ಟಿಗೆ ತಂದು, ಬಗ್ಗಲಾರದ ಮೈಗೂ ಆಸನ ಸಾಧ್ಯ ಮಾಡಿದರು. ಇವತ್ತು ಪಾರ್ಕಿನಲ್ಲಿ ಹಿರಿಯರು ಕುರ್ಚಿ ಇಟ್ಟುಕೊಂಡು ಯೋಗ ಮಾಡುತ್ತಾರಲ್ಲ, ಅದರ ಹಿಂದೆ ಈ ದಾರಿ ಇದೆ. ಎಲ್ಲ ವಯಸ್ಸಿನವರಿಗೂ ಕಲಿಸುವ ವಿದ್ಯೆ ನಮ್ಮಲ್ಲಿ ಆಗಲೇ ಬೆಳೆದಿತ್ತು. ಬೆಳೆಯದೆ ಉಳಿದದ್ದು ಅದಕ್ಕೆ ಸಂಬಳ ಕೊಡುವ ವ್ಯವಸ್ಥೆ.

ಸಂಬಳ ಬಂದದ್ದು ಶಾಲೆಯಲ್ಲಿ. ಬ್ರಿಟಿಷರ ಕಾಲದಲ್ಲಿ ಶಾಲೆಯ ಡ್ರಿಲ್ ಮೇಷ್ಟ್ರು ಎಷ್ಟೋ ಕಡೆ ನಿವೃತ್ತ ಸೈನಿಕರೇ. ಎಡ, ಬಲ ಅಂತ ಕೂಗಿ ನಡೆಸುವುದೇ ಪಾಠ. 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಶಾಲೆ ಶುರು ಮಾಡಿದ ಮೇಲೆ, ಆಟ ಕಲಿಸುವುದಕ್ಕೂ ತರಬೇತಿ ಬೇಕು ಅನ್ನುವ ಮಾತು ದಕ್ಷಿಣದಲ್ಲಿ ಗಟ್ಟಿಯಾಯಿತು. 1957ರಲ್ಲಿ ಗ್ವಾಲಿಯರ್‌ನ ಲಕ್ಷ್ಮೀಬಾಯಿ ಕಾಲೇಜು ಬಂತು, 1961ರಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ. ಒಂದು ದೈಹಿಕ ಶಿಕ್ಷಕರನ್ನು ತಯಾರು ಮಾಡಿತು, ಇನ್ನೊಂದು ಪದಕ ತರುವವರ ಕೋಚ್‌ಗಳನ್ನು. ಶಾಲೆ ಬಿಟ್ಟವರು, ಪದಕದ ಆಸೆ ಇಲ್ಲದವರು, ಅಂದರೆ ನಮ್ಮಲ್ಲಿ ಬಹುಪಾಲು ಜನ, ಯಾರ ಪಟ್ಟಿಗೂ ಸೇರಲಿಲ್ಲ.

ಶಾಲೆಯಲ್ಲಾದರೂ ಪಿ.ಟಿ. ಮೇಷ್ಟ್ರಿಗೆ ಪೂರ್ತಿ ಜಾಗ ಸಿಕ್ಕಿತಾ? ಬೆಲ್ಲು ಹೊಡೆಸುವುದು, ಸ್ವಾತಂತ್ರ್ಯ ದಿನದ ಮೆರವಣಿಗೆ, ಗಲಾಟೆ ಮಾಡುವವರನ್ನು ಹಿಡಿಯುವುದು ಎಲ್ಲ ಅವರ ತಲೆಗೇ. ಪರೀಕ್ಷೆ ಹತ್ತಿರ ಬಂತೆಂದರೆ ಆಟದ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. 6ರಿಂದ 8ನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ‘ಅರೆಕಾಲಿಕ ಬೋಧಕರು’ ಅಂತ ಬರೆದಿದೆ. ಪ್ರತಿ ಶಾಲೆಗೂ ಆಟದ ಮೈದಾನ ಬೇಕು ಅಂತ ಹೇಳಿದ ಕಾಯ್ದೆಯೇ ಆಡಿಸುವವರನ್ನು ಅರ್ಧಕ್ಕೆ ಇಳಿಸಿತು. ನಮ್ಮ ರಾಜ್ಯದ ದೈಹಿಕ ಶಿಕ್ಷಕರು, ದೈಹಿಕ ಶಿಕ್ಷಣದ ಬಗ್ಗೆ ಬಂದ ವೈದ್ಯನಾಥನ್ ವರದಿ ಜಾರಿ ಮಾಡಿ, ನಮ್ಮನ್ನೂ ಉಳಿದ ಶಿಕ್ಷಕರ ಹಾಗೇ ನೋಡಿ ಅಂತ ವರ್ಷಗಟ್ಟಲೆ ಕೇಳುತ್ತಿರುವುದು ಸುಮ್ನೆ ಅಲ್ಲ.

ಚಿಕ್ಕ ಮಕ್ಕಳ ಕಡೆಗೆ ಬಂದರೆ ಕಥೆ ಇನ್ನೂ ಕಠಿಣ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ, ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ನಮ್ಮಲ್ಲಿ ಅದು ಕಾಲಿಟ್ಟದ್ದು ಟಿ. ನರಸೀಪುರದಲ್ಲಿ. ಹಳ್ಳಿಯ ಮಕ್ಕಳಿಗೆ ಹಾಡು, ಆಟ, ಕಥೆ ಹೇಳುವುದಕ್ಕೆ ಸರ್ಕಾರದಿಂದ ದುಡ್ಡು ಪಡೆಯುವ ಹೆಂಗಸು ಊರೂರಿಗೆ ಬಂದದ್ದು ಆಗ. ಆದರೆ ಅವರಿಗೆ ಕೊಟ್ಟದ್ದು ಸಂಬಳ ಅಲ್ಲ, ಗೌರವಧನ. ಅಂಗನವಾಡಿ ಕಾರ್ಯಕರ್ತೆಯರಿಗೂ ಗ್ರಾಚ್ಯುಟಿ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ ಹೇಳಲು 2022 ಆಗಬೇಕಾಯಿತು. ಸರಿಸುಮಾರು 47 ವರ್ಷ!

ಇನ್ನೊಂದು ಕಾರಣ ಹೇಳುವುದು ಸ್ವಲ್ಪ ಕಷ್ಟ, ಆದರೂ ಹೇಳಬೇಕು. ನಮ್ಮಲ್ಲಿ ಇದು ಸೇವೆ. ತುಮಕೂರಿನಲ್ಲಿ ಹುಟ್ಟಿದ ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿಯವರು ಬೆಳ್ಳಂಬೆಳಿಗ್ಗೆ ಬಿಟ್ಟಿಯಾಗಿ ಯೋಗ ಹೇಳಿಕೊಡುತ್ತಾರೆ. 1995ರಲ್ಲಿ ಮುಂಬೈನಲ್ಲಿ ಡಾ. ಮದನ್ ಕಟಾರಿಯಾ ಶುರು ಮಾಡಿದ ನಗೆಕೂಟವೂ ಬಿಟ್ಟಿಯೇ. ಈ ಜನರಿಗೆ ಕೈ ಮುಗಿಯಬೇಕು. ಅವರಿಂದ ಎಷ್ಟೋ ಹಿರಿಯರು ಮನೆಯಿಂದ ಹೊರಗೆ ಬಂದಿದ್ದಾರೆ, ಮಾತಾಡಲು ಜೊತೆ ಸಿಕ್ಕಿದೆ. ಆದರೆ ಪಿಂಚಣಿ ಬರುವ ಹಿರಿಯರು ಸೇವೆಯಾಗಿ ಮಾಡುವ ಕೆಲಸವನ್ನೇ ಇಪ್ಪತ್ತೈದರ ಹುಡುಗಿ ಹೊಟ್ಟೆಪಾಡಿಗೆ ಮಾಡಬೇಕು ಅಂದಾಗ, ‘ಇದಕ್ಕೂ ದುಡ್ಡಾ?’ ಅನ್ನುವ ಮಾತು ಬರುತ್ತದೆ.

ಆ ಹುಡುಗಿ ಮಾಡುವ ಕೆಲಸ ಎಂಥದ್ದು ಅಂತ ಹತ್ತಿರದಿಂದ ನೋಡೋಣ. ಮುಂದೆ ಕೂತವರಲ್ಲಿ ಒಬ್ಬರಿಗೆ ಬಿ.ಪಿ., ಅವರಿಗೆ ಜೋರಾದ ಕಪಾಲಭಾತಿ ಬೇಡ. ಇನ್ನೊಬ್ಬರಿಗೆ ಮೊನ್ನೆಯಷ್ಟೇ ಕಣ್ಣಿನ ಆಪರೇಷನ್, ತಲೆ ಕೆಳಗೆ ಮಾಡುವ ಹಾಗಿಲ್ಲ. ಎಪ್ಪತ್ತು ದಾಟಿದವರಿಗೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದೇ ದೊಡ್ಡ ವ್ಯಾಯಾಮ. ತೊಡೆಗೆ ಬಲ ಬಂದರೆ ಬಚ್ಚಲಲ್ಲಿ ಜಾರಿ ಬೀಳುವ ಅಪಾಯ ಕಡಿಮೆಯಾಗುತ್ತದೆ. ಸಂಜೆ ಅವಳೇ ಮಕ್ಕಳಿಗೆ ಲಗೋರಿ, ಕುಂಟೆಬಿಲ್ಲೆ ಆಡಿಸಬೇಕು. ದಪ್ಪ ಇರುವ ಹುಡುಗನನ್ನು ಯಾರೂ ತಂಡಕ್ಕೆ ಸೇರಿಸಿಕೊಳ್ಳದಿದ್ದರೆ ಅವನನ್ನೇ ನಾಯಕ ಮಾಡುವಷ್ಟು ಸೂಕ್ಷ್ಮ ಬೇಕು. ಪ್ರಥಮ ಚಿಕಿತ್ಸೆ ಬರಬೇಕು, ಮನೆಯವರನ್ನು ಒಪ್ಪಿಸುವ ಮಾತು ಬರಬೇಕು. ಇದು ಅರ್ಧ ಹೊತ್ತಿನ ವಿದ್ಯೆ ಅಲ್ಲವೇ ಅಲ್ಲ.

ಕಲಿಯುವ ದಾರಿಗಳೇನೋ ಈಗ ಜಾಸ್ತಿ ಇವೆ. ದೈಹಿಕ ಶಿಕ್ಷಣದ ಪದವಿ ಬಿ.ಪಿ.ಎಡ್. ಎರಡು ವರ್ಷದ್ದು. ಉಜಿರೆಯಲ್ಲಿ 1989ರಿಂದ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಕಾಲೇಜು ಇದೆ. ಯೋಗ ಕಲಿಸುವವರಿಗೆ ಆಯುಷ್ ಸಚಿವಾಲಯದ ಯೋಗ ಪ್ರಮಾಣೀಕರಣ ಮಂಡಳಿ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುತ್ತದೆ. ಕಲಿತವರು ಸೇರುವುದು ಹೆಚ್ಚಾಗಿ ಜಿಮ್ಮು, ಖಾಸಗಿ ಶಾಲೆ, ಅಪಾರ್ಟ್‌ಮೆಂಟು, ಐಟಿ ಕಂಪನಿ. ಬೇಸಿಗೆಯಲ್ಲಿ ಶಿಬಿರ. ಮೈಸೂರಿನ ರಂಗಾಯಣದ ಚಿನ್ನರ ಮೇಳ ನೋಡಿದವರಿಗೆ ಒಂದು ಒಳ್ಳೆಯ ಶಿಬಿರ ಮಕ್ಕಳನ್ನು ಎಷ್ಟು ಅರಳಿಸುತ್ತದೆ ಅಂತ ಗೊತ್ತು. ಆದರೆ ಶಿಬಿರ ಮುಗಿದ ಮೇಲೆ ಕಲಿಸಿದವರಿಗೆ ಮತ್ತೆ ಕೆಲಸ ಹುಡುಕುವ ಪಾಡು.

ಅಗತ್ಯವಂತೂ ಬೆಳೆಯುತ್ತಲೇ ಇದೆ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮೈಗೆ ಬೇಕಾದಷ್ಟು ಶ್ರಮ ಮಾಡುತ್ತಿಲ್ಲ. ಹೆಂಗಸರಲ್ಲಿ ಇದು ಶೇ 57. ಗರಡಿಯ ಹೊಸ್ತಿಲಾಚೆ ಉಳಿದವರೇ ಈಗಲೂ ಹೆಚ್ಚು ಹಿಂದೆ ಇದ್ದಾರೆ. ಮಹಿಳಾ ತರಬೇತುದಾರರಿಗೆ 12 ತರಗತಿ ಕಡಿಮೆ ಕೊಟ್ಟದ್ದು ಇದನ್ನು ನೋಡಿದರೆ ಸರಿ ಅನ್ನಿಸುವುದಿಲ್ಲ. ಜಾಸ್ತಿ ಕೊಡಬೇಕಿತ್ತು.

ಅರಮನೆ ಕೊಟ್ಟಾಗ ಅರಮನೆಗೆ ಬೇಕಾದವರು ಕಲಿತರು. ಶಾಲೆ ಕೊಟ್ಟಾಗ ಮಕ್ಕಳು, ಜಿಮ್ಮು ಕೊಟ್ಟಾಗ ದುಡ್ಡಿದ್ದ ಯುವಕರು. ಇಡೀ ಊರಿಗೆ ಅಂತ ಯಾರೂ ಸಂಬಳ ಕೊಡಲಿಲ್ಲ. ನಮ್ಮಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿವೆ. ಬೆಳಿಗ್ಗೆ ಆರೋಗ್ಯ ಕೇಂದ್ರದ ಯೋಗ, ಮಧ್ಯಾಹ್ನ ಶಾಲೆಯ ಆಟ, ಸಂಜೆ ಮೈದಾನ, ಬೇಸಿಗೆಯಲ್ಲಿ ಶಿಬಿರ, ಇಷ್ಟನ್ನೂ ಸೇರಿಸಿದರೆ ಒಬ್ಬರಿಗೆ ಪೂರ್ತಿ ದಿನದ ಕೆಲಸ, ಪೂರ್ತಿ ಸಂಬಳದ ಹುದ್ದೆ ಆಗುತ್ತದೆ. ಈಗ ಯೋಗ ಆಯುಷ್‌ನಲ್ಲಿದೆ, ಶಾಲೆ ಶಿಕ್ಷಣ ಇಲಾಖೆಯಲ್ಲಿದೆ, ಕ್ರೀಡಾಂಗಣ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಲ್ಲಿದೆ, ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಇಲಾಖೆಯಲ್ಲಿದೆ. ಈ ನಾಲ್ಕು ಕಡೆಯವರು ಒಂದೇ ಮೇಜಿಗೆ ಬಂದು, ಕೆಲವು ಪಂಚಾಯಿತಿಗಳಲ್ಲಾದರೂ ಇದನ್ನು ಮಾಡಿ ನೋಡಬೇಕು.