ಊಟಕ್ಕೆ ಕೂತರೆ ಒಂದೇ ಕಣ್ಣಲ್ಲಿ ನೀರು ಬರುವುದೇಕೆ?

ಪ್ರಶ್ನೆ: ಅಮ್ಮನಿಗೆ ಕಳೆದ ವರ್ಷ ಬೆಲ್ಸ್ ಪಾಲ್ಸಿ ಆಗಿ ಬಾಯಿ ಬಲಕ್ಕೆ ಸೊಟ್ಟಗಾಗಿತ್ತು, ಎಡಗಣ್ಣು ಮುಚ್ಚುತ್ತಿರಲಿಲ್ಲ. ಈಗ ಮುಖ ಸರಿಯಾಗಿದೆ. ಆದರೆ ಊಟ ಶುರುಮಾಡಿದ ಕೂಡಲೇ ಎಡಗಣ್ಣಲ್ಲಿ ನೀರು ಸುರಿಯುತ್ತದೆ. ಸಾರಿಗೆ ಖಾರ ಹಾಕದಿದ್ದರೂ ಅಷ್ಟೇ. ಕಣ್ಣು ಕೆಟ್ಟಿದೆಯೇ?

ಉತ್ತರ: ಗಾಬರಿಯಾಗಬೇಡಿ. ಇಂಥ ಲಕ್ಷಣಕ್ಕೆ ಸಾಮಾನ್ಯವಾಗಿ ಕಾರಣ ಕಣ್ಣಲ್ಲ, ವಾಸಿಯಾಗುವಾಗ ದಾರಿ ತಪ್ಪಿ ಬೆಳೆದ ನರ.

ಕಣ್ಣೀರಿನ ಗ್ರಂಥಿ ಇರುವುದು ಕಣ್ಣುಗುಳಿಯ ಮೇಲ್ಭಾಗದ ಹೊರಮೂಲೆಯಲ್ಲಿ. ಈರುಳ್ಳಿಯ ಘಾಟು ತಗುಲಿದ್ದನ್ನು ಮಿದುಳಿಗೆ ತಿಳಿಸುವುದು 5ನೇ ಕಪಾಲ ನರ (ಮಿದುಳಿನಿಂದ ನೇರವಾಗಿ ಹೊರಡುವ ನರಗಳಲ್ಲಿ ಒಂದು). ನೀರು ಸುರಿಸೆಂದು ಗ್ರಂಥಿಗೆ ಆಜ್ಞೆ ಒಯ್ಯುವುದು ಮಾತ್ರ 7ನೆಯದು, ಅಂದರೆ ಬೆಲ್ಸ್ ಪಾಲ್ಸಿಯಲ್ಲಿ ಸೋಲುವ ಮುಖದ ನರವೇ. ಅದರ ಒಂದು ಕವಲು ಕಿವಿಯ ಪಕ್ಕದ ಮೂಳೆಯೊಳಗೆ ಬೇರ್ಪಟ್ಟು, ಮೂಗಿನ ಹಿಂದಿರುವ ಪುಟ್ಟ ನರಗಂಟನ್ನು ಮುಟ್ಟುತ್ತದೆ. ಅಲ್ಲಿಂದ ಹೊಸ ತಂತುಗಳು ಹೊರಡುತ್ತವೆ.

ಅವು ಕೆನ್ನೆಮೂಳೆಯ ನರದ ಜೊತೆ ಸುತ್ತಿಬಳಸಿ ಗ್ರಂಥಿಗೆ ಹೋಗುತ್ತವೆಂದು ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. ರಸ್ಕೆಲ್ ಎಂಬ ವಿಜ್ಞಾನಿ ಮಂಗಗಳಲ್ಲಿ ಹುಡುಕಿದಾಗ ಕಂಡದ್ದು ಬೇರೆ: ಕಣ್ಣಿನ ಹಿಂದಿನ ನರಜಾಲದಿಂದ ಸಣ್ಣ ಕವಲುಗಳು ನೇರವಾಗಿಯೇ ಗ್ರಂಥಿ ಸೇರುತ್ತಿದ್ದವು. 1971ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕಣ್ಣುಗುಳಿಯ ಆಳದಲ್ಲಿ ಕತ್ತರಿ ಆಡಿಸುವ ಶಸ್ತ್ರವೈದ್ಯರು ಈ ನೇರ ದಾರಿಯನ್ನೂ ನೆನಪಿನಲ್ಲಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಅಮ್ಮನ ವಿಷಯ. ಅದೇ 7ನೇ ನರದಲ್ಲಿ ದವಡೆಯ ಕೆಳಗಿನ ಜೊಲ್ಲು ಗ್ರಂಥಿಗಳಿಗೆ ಹೋಗುವ ತಂತುಗಳೂ ಇವೆ. ಕಣ್ಣೀರಿನ ಕವಲು ಒಡೆಯುವ ಜಾಗದಲ್ಲೋ ಅದಕ್ಕಿಂತ ಮೊದಲೋ ನರಕ್ಕೆ ಜೋರು ಪೆಟ್ಟಾದರೆ ಎರಡೂ ಬಗೆಯ ತಂತುಗಳು ಮತ್ತೆ ಚಿಗುರಬೇಕಾಗುತ್ತದೆ. ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುವ ಆ ಚಿಗುರುಗಳಲ್ಲಿ ಕೆಲವು, ಜೊಲ್ಲಿಗೆ ಹೋಗಬೇಕಾದವು, ಕಣ್ಣೀರಿನ ದಾರಿ ಹಿಡಿಯುತ್ತವೆ. ಆಮೇಲೆ ಬಾಯಿಗೆ ತುತ್ತಿಟ್ಟಾಗ ಮಿದುಳು ಜೊಲ್ಲಿಗಾಗಿ ಕಳಿಸಿದ ಆಜ್ಞೆ ಕಣ್ಣಿಗೂ ತಲುಪುತ್ತದೆ. ರೋಗ ಬಂದ ತಿಂಗಳುಗಳ ನಂತರ ಇದು ಶುರುವಾಗುವುದು ಅದಕ್ಕೇ. ವೈದ್ಯರು ಇದನ್ನು ಮೊಸಳೆ ಕಣ್ಣೀರು ಅನ್ನುತ್ತಾರೆ. ಪಾಪ, ಅಮ್ಮನ ಮುಂದೆ ಆ ಹೆಸರು ಬೇಡ.

ತೊಂದರೆ ಅಲ್ಪವಾಗಿದ್ದರೆ ಊಟದ ಹೊತ್ತಿಗೆ ಒಂದು ಕರವಸ್ತ್ರ ಸಾಕು. ಕಿರಿಕಿರಿ ಹೆಚ್ಚಿದ್ದರೆ ಕಣ್ಣಿನ ವೈದ್ಯರು ಗ್ರಂಥಿಗೇ ಬೊಟುಲಿನಮ್ ಎಂಬ, ನರದ ಆಜ್ಞೆಯನ್ನು ತಡೆಯುವ ಚುಚ್ಚುಮದ್ದು ಕೊಡಬಲ್ಲರು. ಅದರ ಪರಿಣಾಮ ಕೆಲವು ತಿಂಗಳಷ್ಟೇ, ಮತ್ತೆ ಹಾಕಿಸಬೇಕಾಗುತ್ತದೆ. ಹೇಗೂ ಒಮ್ಮೆ ತೋರಿಸಿ: ಆ ಕಣ್ಣು ಈಗ ಪೂರ್ತಿ ಮುಚ್ಚುತ್ತಿದೆಯೇ ಎಂದು ಅವರೇ ನೋಡಲಿ.