ಲ್ಯಾವೆಂಡರ್ ಎಣ್ಣೆಯ ಪರಿಮಳಕ್ಕೆ ಮಗು ಮಲಗುತ್ತದೆಯೇ?

ಪ್ರಶ್ನೆ: ನಮ್ಮ ಮಗಳಿಗೆ ಎರಡೂವರೆ ವರ್ಷ. ರಾತ್ರಿ ಹತ್ತೂವರೆ, ಹನ್ನೊಂದಾದರೂ ಮಲಗುವುದಿಲ್ಲ. ದೀಪ ಆರಿಸಿದರೆ ಅಳುತ್ತಾಳೆ, ಇಲ್ಲವೇ ಹಾಸಿಗೆಯಿಂದ ಎದ್ದು ಟಿ.ವಿ. ಇರುವ ಕೋಣೆಗೆ ಓಡುತ್ತಾಳೆ. ಪಕ್ಕದ ಮನೆಯವರು ಲ್ಯಾವೆಂಡರ್ ಎಣ್ಣೆಯನ್ನು ಡಿಫ್ಯೂಸರ್‌ನಲ್ಲಿ (ಪರಿಮಳವನ್ನು ಕೋಣೆಯಲ್ಲಿ ಹರಡುವ ಪುಟ್ಟ ಸಾಧನ) ಹಾಕಿಡಿ ಎಂದರು, ತರಿಸಿಯೂ ಆಯಿತು. ನಮ್ಮ ಅತ್ತೆಯವರು ಜಾಯಿಕಾಯಿ ತೇಯ್ದು ಹಾಲಿನಲ್ಲಿ ಕೊಡು, ಎದೆಗೆ ನೀಲಗಿರಿ ಎಣ್ಣೆ ಹಚ್ಚು ಎನ್ನುತ್ತಾರೆ. ಇವುಗಳಲ್ಲಿ ಯಾವುದನ್ನು ಮಾಡಬಹುದು?

ಉತ್ತರ: ಎರಡೂವರೆ ವರ್ಷದ ಮಗುವನ್ನು ಮಲಗಿಸುವ ಶಕ್ತಿ ಲ್ಯಾವೆಂಡರ್ ಎಣ್ಣೆಗೆ ಇದೆಯೆಂದು ಹೇಳಲು ಸಾಕಷ್ಟು ಪುರಾವೆ ಇಲ್ಲ. ಪ್ರತಿ ರಾತ್ರಿ ಅವೇ ಕೆಲಸಗಳನ್ನು ಅದೇ ಸರದಿಯಲ್ಲಿ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಮಾಡಿದರೆ ನಿದ್ರೆ ಸುಧಾರಿಸುತ್ತದೆ ಎಂಬುದಕ್ಕೆ ಪುರಾವೆ ಇದೆ. ಪರಿಮಳವು ಆ ಸರದಿಯ ಒಂದು ಭಾಗವಾದರೆ ಶಾಲೆಯ ಗಂಟೆಯ ಹಾಗೆ ಒಂದು ಸೂಚನೆಯಾದೀತು. ಸರದಿಯೇ ಇಲ್ಲದ ಮನೆಯಲ್ಲಿ ಅದು ಬರಿಯ ವಾಸನೆಯಾಗಿ ಉಳಿಯುತ್ತದೆ. ಇನ್ನು, ನೀವು ಹೆಸರಿಸಿರುವ ಮೂರು ವಸ್ತುಗಳಲ್ಲಿ ಲ್ಯಾವೆಂಡರ್‌ಗಿಂತ ಉಳಿದೆರಡೇ ನನಗೆ ಹೆಚ್ಚು ಆತಂಕ ತಂದಿವೆ.

ಪರಿಮಳದ ಮೇಲಿನ ನಂಬಿಕೆ ಪೂರ್ತಿ ಬುಡವಿಲ್ಲದ್ದೇನಲ್ಲ. ಕಣ್ಣು, ಕಿವಿ, ಚರ್ಮಗಳಿಂದ ಹೊರಟ ಸಂದೇಶಗಳು ಮೆದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗುತ್ತವೆ. ಮೂಗಿನಿಂದ ಹೊರಟ ಸಂದೇಶವಾದರೋ ಆ ದಾರಿ ಹಿಡಿಯದೆ, ಭಾವನೆ ಮತ್ತು ನೆನಪುಗಳನ್ನು ನೋಡಿಕೊಳ್ಳುವ ಭಾಗಗಳನ್ನು ಬಹುಮಟ್ಟಿಗೆ ನೇರವಾಗಿಯೇ ತಲುಪುತ್ತದೆ. ಎಲ್ಲೋ ಸೀಗೆಕಾಯಿಯ ವಾಸನೆ ಬಂದೊಡನೆ ಮೂವತ್ತು ವರ್ಷ ಹಿಂದಿನ ಬಚ್ಚಲುಮನೆ, ಹಂಡೆಯ ಬಿಸಿನೀರಿನ ಹಬೆ, ತಲೆ ತಿಕ್ಕುತ್ತಿದ್ದ ಅಜ್ಜಿಯ ಕೈ ಎಲ್ಲವೂ ಒಟ್ಟಿಗೆ ನೆನಪಾಗುವುದು ಈ ಕಾರಣದಿಂದಲೇ. ಆದರೆ ಸೀಗೆಕಾಯಿಗೆ ಆ ಗುಣ ಹುಟ್ಟಿನಿಂದ ಬಂದದ್ದಲ್ಲ. ವಾರವಾರವೂ ಒಂದೇ ರೀತಿ ನಡೆದ ಎಣ್ಣೆಸ್ನಾನವು ಆ ವಾಸನೆಗೆ ಅಜ್ಜಿಯನ್ನು ಕಟ್ಟಿಹಾಕಿತು. ಲ್ಯಾವೆಂಡರ್ ವಿಷಯದಲ್ಲಿಯೂ ನಾವು ನಿರೀಕ್ಷಿಸಬಹುದಾದದ್ದು ಇಷ್ಟನ್ನೇ.

ಈ ಎಣ್ಣೆಯಲ್ಲಿ ಮುಖ್ಯವಾಗಿ ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್ ಎಂಬ ರಾಸಾಯನಿಕಗಳಿರುತ್ತವೆ, ಮತ್ತು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಲಿನಲೂಲ್ ಅವುಗಳ ಚಟುವಟಿಕೆಯನ್ನು ತಗ್ಗಿಸಿದ್ದುಂಟು. ವಯಸ್ಕರ ಮೇಲಿನ ಅಧ್ಯಯನಗಳು ಬಹುತೇಕ ಚಿಕ್ಕವು, ಜೊತೆಗೆ ಅವುಗಳಿಗೊಂದು ತೊಡಕೂ ಇದೆ: ಮಾತ್ರೆಯಾದರೆ ಔಷಧ ಯಾವುದು, ಸಕ್ಕರೆಯ ಗುಳಿಗೆ ಯಾವುದು ಎಂದು ತಿಳಿಯದಂತೆ ಕೊಡಬಹುದು, ಪರಿಮಳವನ್ನು ಮೂಗಿನಿಂದ ಮುಚ್ಚಿಡುವುದು ಹೇಗೆ? ಎಳೆಗೂಸುಗಳ ಬಗ್ಗೆ ಹೆಚ್ಚಾಗಿ ಉಲ್ಲೇಖವಾಗುವುದು ಅಮೆರಿಕದ ಮಯಾಮಿ ವಿಶ್ವವಿದ್ಯಾಲಯದ ಟಿಫನಿ ಫೀಲ್ಡ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ. ಲ್ಯಾವೆಂಡರ್ ಬೆರೆಸಿದ ನೀರಿನಲ್ಲಿ ಮಿಂದ ಕೂಸುಗಳು ಕಡಿಮೆ ಅತ್ತವು, ಸ್ನಾನದ ಬಳಿಕ ಹೆಚ್ಚು ಹೊತ್ತು ಗಾಢನಿದ್ರೆ ಮಾಡಿದವು ಎಂದು ಅದು ಹೇಳುತ್ತದೆ. ಅದೇ ವರದಿಯ ಇನ್ನೊಂದು ಮಾತನ್ನು ಎಣ್ಣೆ ಮಾರುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ: ಆ ಗುಂಪಿನ ತಾಯಂದಿರು ಸ್ನಾನ ಮಾಡಿಸುವಾಗ ಹೆಚ್ಚು ನಿರಾಳವಾಗಿದ್ದರು, ಹೆಚ್ಚು ನಕ್ಕರು, ಕೂಸನ್ನು ಹೆಚ್ಚು ಮುಟ್ಟಿ ಮುದ್ದಿಸಿದರು. ಅಧ್ಯಯನದಲ್ಲಿದ್ದವರು ಒಟ್ಟು ಮೂವತ್ತೇ ಜೋಡಿ ತಾಯಿಮಕ್ಕಳು. ಪರಿಮಳ ಕೂಸನ್ನು ಮಲಗಿಸಿತೋ, ತಾಯಿಯನ್ನು ಶಾಂತಗೊಳಿಸಿತೋ, ಶಾಂತಳಾದ ತಾಯಿಯ ಕೈ ಕೂಸನ್ನು ಮಲಗಿಸಿತೋ ಎಂಬುದನ್ನು ಇದರಿಂದ ಬಿಡಿಸಿ ಹೇಳಲಾಗದು.

ದಿನಚರಿಯ ಪುರಾವೆ ಇದಕ್ಕಿಂತ ಗಟ್ಟಿಯಾಗಿದೆ. ನಿದ್ರಾ ಸಂಶೋಧಕಿ ಜೋಡಿ ಮಿಂಡೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಏಳು ತಿಂಗಳಿನಿಂದ ಮೂರು ವರ್ಷದವರೆಗಿನ 405 ಮಕ್ಕಳಿದ್ದರು. ಮೊದಲ ವಾರ ಎಲ್ಲ ಮನೆಗಳಲ್ಲಿಯೂ ಎಂದಿನಂತೆ ನಡೆಯಿತು. ಮುಂದಿನ ಎರಡು ವಾರ ಒಂದು ಗುಂಪಿನ ಮನೆಗಳಲ್ಲಿ ಸ್ನಾನ, ಬಳಿಕ ಮೈ ನೀವುವುದು, ಬಳಿಕ ತೊಡೆಯ ಮೇಲೆ ಕೂರಿಸಿಕೊಂಡು ಹಾಡುವಂಥ ಶಾಂತವಾದ ಒಂದು ಕೆಲಸ, ಸ್ನಾನ ಮುಗಿದ ಅರ್ಧ ಗಂಟೆಯೊಳಗೆ ದೀಪ ಆರಿಸುವುದು, ಇಷ್ಟೇ ಕ್ರಮ. ಮಕ್ಕಳು ಬೇಗ ನಿದ್ರೆಗೆ ಜಾರಿದರು, ನಡುರಾತ್ರಿ ಏಳುವುದು ಕಡಿಮೆಯಾಯಿತು, ತಾಯಂದಿರ ಮನಸ್ಸೂ ಹಗುರಾಯಿತು. ಮಕ್ಕಳ ಸೋಪು, ಲೋಷನ್ ತಯಾರಿಸುವ ಕಂಪನಿಯೊಂದು ಇದಕ್ಕೆ ಹಣ ಒದಗಿಸಿತ್ತು ಎಂಬುದನ್ನೂ ಹೇಳಬೇಕು. ಆದರೆ ಆ ಮೇಲೆ ಭಾರತವೂ ಸೇರಿದಂತೆ ಹಲವು ದೇಶಗಳ ಸುಮಾರು ಹತ್ತು ಸಾವಿರ ತಾಯಂದಿರಿಂದ ಸಂಗ್ರಹಿಸಿದ ಮಾಹಿತಿಯೂ ಅದೇ ದಿಕ್ಕಿನಲ್ಲಿದೆ: ವಾರದಲ್ಲಿ ಹೆಚ್ಚು ರಾತ್ರಿಗಳು ಈ ಕ್ರಮ ನಡೆದಷ್ಟೂ ಮಗುವಿನ ನಿದ್ರೆ ಉತ್ತಮವಾಗಿತ್ತು.

ಇದು ಬರಿಯ ಅಭ್ಯಾಸಬಲವಲ್ಲ, ದೇಹದ ಲೆಕ್ಕವೂ ಇದರಲ್ಲಿ ಸೇರಿದೆ. ಉಗುರುಬೆಚ್ಚಗಿನ ನೀರಿನ ಸ್ನಾನದಿಂದ ಚರ್ಮದ ರಕ್ತನಾಳಗಳು ಹಿಗ್ಗಿ, ಆ ಬಳಿಕ ದೇಹದೊಳಗಿನ ಶಾಖ ಹೊರಗೆ ಹೋಗುತ್ತದೆ. ಒಳಗಿನ ಶಾಖ ಹೀಗೆ ಇಳಿಯುವುದು ನಿದ್ರೆಗೆ ಅನುಕೂಲ. ಇನ್ನೊಂದು, ಬಹುಶಃ ಹೆಚ್ಚು ಮುಖ್ಯವಾದದ್ದು, ಬೆಳಕು. ಕತ್ತಲಾದಂತೆ ಮೆದುಳಿನಲ್ಲಿ ದೇಹವನ್ನು ನಿದ್ರೆಗೆ ಅಣಿಮಾಡುವ ಮೆಲಟೋನಿನ್ ಎಂಬ ಹಾರ್ಮೋನು ಏರುತ್ತದೆ, ಪ್ರಖರ ಬೆಳಕು ಅದನ್ನು ತಡೆಯುತ್ತದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಪ್ರಯೋಗದಲ್ಲಿ, ಮಲಗುವ ಮುನ್ನ ಒಂದು ಗಂಟೆ ಪ್ರಖರ ಬೆಳಕಿನಲ್ಲಿ ಆಟವಾಡಿದ ಮೂರರಿಂದ ಐದು ವರ್ಷದ ಮಕ್ಕಳಲ್ಲಿ ಮೆಲಟೋನಿನ್ ನೂರಕ್ಕೆ 88ರಷ್ಟು ಕುಸಿದಿತ್ತು. ಪ್ರಯೋಗದ ಬೆಳಕು ನಮ್ಮ ಮನೆಯ ಟ್ಯೂಬ್‌ಲೈಟಿಗಿಂತ ಹೆಚ್ಚು ಪ್ರಖರವಾಗಿತ್ತು, ನಿಜ. ಆದರೂ ರಾತ್ರಿ ಹತ್ತರವರೆಗೆ ಟ್ಯೂಬ್‌ಲೈಟ್ ಬೆಳಗುತ್ತ, ಧಾರಾವಾಹಿ ಓಡುತ್ತ ಇರುವ ಕೋಣೆಯಲ್ಲಿ ಆಡುವ ಮಗುವಿನ ಮೆದುಳಿಗೆ ಸಂಜೆ ಇನ್ನೂ ಮುಗಿದಿಲ್ಲವೆಂದೇ ಅನ್ನಿಸಿದರೆ ಅದರಲ್ಲಿ ಮಗುವಿನ ಹಟವೇನೂ ಇಲ್ಲ.

ನಿಮ್ಮ ಮಗಳ ವಯಸ್ಸಿಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿರುವುದು ಹಗಲಿನ ನಿದ್ರೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ. ಹನ್ನೊಂದಕ್ಕೆ ಮಲಗಿ ಏಳೂವರೆಗೆ ಎದ್ದು, ಮಧ್ಯಾಹ್ನ ಎರಡೂವರೆ ಗಂಟೆ ಮಲಗಿದರೆ ಆಕೆಯ ಲೆಕ್ಕ ಅಲ್ಲಿಗೆ ಸರಿಹೋಯಿತು. ರಾತ್ರಿ ಬೇಗ ಮಲಗುವ ಅಗತ್ಯವೇ ಆಕೆಯ ದೇಹಕ್ಕೆ ಕಾಣುವುದಿಲ್ಲ. ಆದ್ದರಿಂದ ರಾತ್ರಿಯ ತೊಂದರೆಗೆ ಪರಿಹಾರವನ್ನು ಬೆಳಗ್ಗೆಯೇ ಆರಂಭಿಸಬೇಕು. ತಡವಾಗಿ ಮಲಗಿದ ದಿನವೂ, ಭಾನುವಾರವೂ ಏಳು ಗಂಟೆಗೆ ಎಬ್ಬಿಸಿ, ಹೊರಗಿನ ಬೆಳಕಿಗೆ ಕರೆದುಕೊಂಡು ಹೋಗಿ. ಮಧ್ಯಾಹ್ನದ ನಿದ್ರೆ ಮೂರು ಗಂಟೆಯೊಳಗೆ ಮುಗಿಯಲಿ.

ರಾತ್ರಿ ಮಾತ್ರ ಒಮ್ಮೆಲೇ ಎಂಟು ಗಂಟೆಗೆ ಮಲಗಿಸಲು ಹೋಗಬೇಡಿ. ನಿದ್ರೆ ಬಾರದ ಮಗುವನ್ನು ಎರಡು ಗಂಟೆ ಹಾಸಿಗೆಯಲ್ಲಿ ಹಿಡಿದಿಟ್ಟರೆ ಹಾಸಿಗೆಯೆಂದರೆ ಜಗಳದ ಜಾಗ ಎಂಬುದನ್ನಷ್ಟೇ ಅದು ಕಲಿಯುತ್ತದೆ. ಈಗ ನಿಜವಾಗಿ ಹತ್ತೂವರೆಗೆ ನಿದ್ರೆ ಬರುತ್ತಿದ್ದರೆ ಹತ್ತು ಗಂಟೆಗೆ ಸರದಿಯನ್ನು ಆರಂಭಿಸಿ, ಎರಡು ಮೂರು ದಿನ ಸಲೀಸಾಗಿ ಮಲಗಿದ ಮೇಲೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ, ಮತ್ತೆ ಎರಡು ಮೂರು ದಿನ ಬಿಟ್ಟು ಇನ್ನೊಂದು ಹದಿನೈದು ನಿಮಿಷ. ಈ ಲೆಕ್ಕದಲ್ಲಿ ಎಂಟೂವರೆ ಒಂಬತ್ತರ ಹೊತ್ತಿಗೆ ತಲುಪಲು ಮೂರು ನಾಲ್ಕು ವಾರ ಹಿಡಿಯಬಹುದು. ದೀಪ ಆರಿಸಿದರೆ ಅಳುವುದಾದರೆ ಪೂರ್ತಿ ಕತ್ತಲೆ ಮಾಡುವ ಅಗತ್ಯವಿಲ್ಲ. ನೆಲದ ಹತ್ತಿರ ಮಂದವಾದ ಹಳದಿ ಅಥವಾ ಕೆಂಪು ಬಲ್ಬು ಸಾಕು. ತಂದೆ ಕೆಲಸದಿಂದ ಒಂಬತ್ತಕ್ಕೆ ಮನೆಗೆ ಬರುವ ನಗರದ ಸಂಸಾರಗಳಲ್ಲಿ ಎಲ್ಲ ಯೋಜನೆಯೂ ಆ ಕ್ಷಣಕ್ಕೆ ಮುರಿದುಬೀಳುವುದು ಸಾಮಾನ್ಯ. ಮಗುವನ್ನು ಮೇಲಕ್ಕೆ ಎಸೆದು ಹಿಡಿಯುವ ಆಟವನ್ನು ಬೆಳಗ್ಗೆಗೆ ಇಟ್ಟುಕೊಂಡು, ರಾತ್ರಿಯ ಕಥೆಯನ್ನು ಅವರ ಪಾಲಿಗೆ ಬಿಟ್ಟುಕೊಟ್ಟರೆ ಇಬ್ಬರಿಗೂ ನಷ್ಟವಿಲ್ಲ. ನಿಮ್ಮ ಅತ್ತೆಯವರಿಗೆ ಜೋಗುಳ ಬರುತ್ತಿದ್ದರೆ, ಪ್ರತಿ ರಾತ್ರಿ ಅದೇ ಜೋಗುಳ ಯಾವ ಡಿಫ್ಯೂಸರ್‌ಗೂ ಕಡಿಮೆಯಲ್ಲ.

ಅವರು ಹೇಳಿದ ಜಾಯಿಕಾಯಿಯ ವಿಷಯ ಬೇರೆ. ಅದರಿಂದ ಮಂಪರು ಬರುವುದು ಸುಳ್ಳಲ್ಲ, ಅಪಾಯ ಇರುವುದೂ ಅಲ್ಲಿಯೇ. ಜಾಯಿಕಾಯಿಯಲ್ಲಿರುವ ಮಿರಿಸ್ಟಿಸಿನ್ ಮೊದಲಾದ ಅಂಶಗಳು ನರಮಂಡಲದ ಮೇಲೆ ಕೆಲಸ ಮಾಡುತ್ತವೆ, ಪ್ರಮಾಣ ಮೀರಿದರೆ ಎದೆಬಡಿತ ಏರುವುದು, ಬಾಯಿ ಒಣಗುವುದು, ಗಾಬರಿ, ಭ್ರಮೆಗಳು ಕಾಣಿಸಿಕೊಳ್ಳುತ್ತವೆ. ಸಾಣೆಕಲ್ಲಿನ ಮೇಲೆ ತೇಯುವಾಗ ಎಷ್ಟು ಸುತ್ತಿಗೆ ಎಷ್ಟು ಇಳಿಯಿತು ಎಂಬ ಅಳತೆ ಯಾರ ಕೈಯಲ್ಲಿಯೂ ಇಲ್ಲ. ಗಸಗಸೆಗೂ ಈ ಮಾತು ಸಲ್ಲುತ್ತದೆ: ಹಬ್ಬದ ದಿನ ದೊಡ್ಡವರು ಉಣ್ಣುವ ಪಾಯಸ ಒಂದು, ಮಗು ಮಲಗಲೆಂದು ಅದನ್ನು ಅರೆದು ಕುಡಿಸುವುದು ಮತ್ತೊಂದು, ಗಸಗಸೆಯ ಬೀಜಕ್ಕೆ ಅದರ ಕಾಯಿಯ ಹಾಲಿನಿಂದ ಮಾರ್ಫಿನ್‌ನ ಅಂಶ ಅಂಟಿರಬಹುದು. ನೆಗಡಿಯ ಸಿರಪ್ಪನ್ನು ನಿದ್ರೆಗೆಂದು ಕೊಡುವವರೂ ಇದ್ದಾರೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಸೇರಿದ ಸಿರಪ್ಪುಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಲೇಬಲ್‌ನಲ್ಲಿ ಮುದ್ರಿಸಲು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದ್ದಾರೆ.

ನೀಲಗಿರಿ ಎಣ್ಣೆಯ ಸಿನಿಯೋಲ್, ಪುದೀನ ಎಣ್ಣೆಯ ಮೆಂಥಾಲ್ ಇವು ದೊಡ್ಡವರಿಗೆ ಮೂಗು ಬಿಟ್ಟಂತೆ ಅನ್ನಿಸಿದರೂ, ಪುಟ್ಟ ಮಕ್ಕಳ ಮೂಗಿನ ಹತ್ತಿರ ಹಚ್ಚಿದಾಗ ಉಸಿರಾಟವನ್ನೇ ತಡೆಯುವ ಸಾಧ್ಯತೆ ಇದೆ. ಕರ್ಪೂರ ಬೆರೆತ ವಿಕ್ಸ್‌ನಂಥ ಮುಲಾಮುಗಳ ಮೇಲೆ ಎರಡು ವರ್ಷದೊಳಗಿನವರಿಗೆ ಹಚ್ಚಬಾರದೆಂದು ಬರೆದಿರುವುದು ಸುಮ್ಮನೆ ಅಲ್ಲ. ಕರ್ಪೂರ ಚರ್ಮದ ಮೂಲಕವೂ ಒಳಸೇರುತ್ತದೆ, ಹೊಟ್ಟೆಗೆ ಹೋದರಂತೂ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ತರಬಲ್ಲದು. ದೇವರಕೋಣೆಯ ಕರ್ಪೂರದ ಡಬ್ಬಿ ಎಷ್ಟು ಎತ್ತರದಲ್ಲಿದೆ ಎಂದು ಇವತ್ತೇ ನೋಡಿ. ಸ್ನಾನದ ನಂತರ ಸಾಂಬ್ರಾಣಿ ಹೊಗೆ ಹಾಕುವ ರೂಢಿಯ ಬಗ್ಗೆ ಒಂದೇ ಮಾತು: ಪರಿಮಳವಿದ್ದರೂ ಹೊಗೆ ಹೊಗೆಯೇ, ಮಗುವಿನ ಶ್ವಾಸಕೋಶಕ್ಕೆ ಅದು ಬೇಡ.

ಹಾಗಿದ್ದರೂ ತರಿಸಿದ ಲ್ಯಾವೆಂಡರ್ ಬಳಸಬೇಕೆಂದಿದ್ದರೆ, ಕಿಟಕಿ ಸ್ವಲ್ಪ ತೆರೆದಿರುವ ಕೋಣೆಯಲ್ಲಿ, ಮಗು ಹಾಸಿಗೆಗೆ ಬರುವ ಮೊದಲು, ಒಂದೆರಡು ಹನಿ ಹಾಕಿ ಹದಿನೈದು ಇಪ್ಪತ್ತು ನಿಮಿಷ ನಡೆಸಿ, ಮಗು ಮಲಗುವ ಹೊತ್ತಿಗೆ ನಿಲ್ಲಿಸಿ. ರಾತ್ರಿಯಿಡೀ ನಡೆಯಬಾರದು. ಮನೆಯಲ್ಲಿ ಯಾರಿಗಾದರೂ ಆಸ್ತಮಾ ಇದ್ದರೆ, ಅಥವಾ ವರ್ಷದೊಳಗಿನ ಕೂಸಿದ್ದರೆ ಬೇಡವೇ ಬೇಡ. ಚರ್ಮಕ್ಕೆ ನೇರವಾಗಿ ಹಚ್ಚಬೇಡಿ. ಮೈ ನೀವಲು ಬರಿಯ ಕೊಬ್ಬರಿ ಎಣ್ಣೆ ಸಾಕು. ಲ್ಯಾವೆಂಡರ್ ಇರುವ ಸೋಪು, ಲೋಷನ್, ಮುಲಾಮು, ಶಾಂಪೂನಂಥವನ್ನು ಬಳಸುತ್ತಿದ್ದ ಮೂವರು ಹುಡುಗರಲ್ಲಿ ಎದೆ ಊದಿಕೊಂಡದ್ದನ್ನು 2007ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ್ದರು. ಅದಕ್ಕೆ ಎಣ್ಣೆಯೇ ಕಾರಣವೆಂಬುದು ಇಂದಿಗೂ ವಿವಾದದಲ್ಲಿದೆ. ಆದರೂ ಅಗತ್ಯವಿಲ್ಲದ್ದನ್ನು ದಿನವೂ ಹಚ್ಚಲು ನನಗಂತೂ ಕಾರಣ ಕಾಣುವುದಿಲ್ಲ. ಪರಿಮಳವೇ ಬೇಕೆಂದರೆ ನಿಮ್ಮದೊಂದು ಹಳೆಯ ಹತ್ತಿ ಸೀರೆಯ ಮಡಿಕೆ ಆಕೆಯ ಹಾಸಿಗೆಯ ಮೇಲಿರಲಿ. ವರ್ಷ ತುಂಬದ ಕೂಸಿನ ಪಕ್ಕ ಮಾತ್ರ ಬಟ್ಟೆಯ ತುಂಡು ಕೂಡ ಇರಬಾರದು.

ನಾಲ್ಕೈದು ವಾರ ಹೀಗೆ ನಡೆಸಿಯೂ ಬದಲಾವಣೆ ಕಾಣದಿದ್ದರೆ ಮಕ್ಕಳ ವೈದ್ಯರನ್ನು ಕಾಣಿ. ವಾರದ ಹೆಚ್ಚಿನ ರಾತ್ರಿ ಗೊರಕೆ, ಬಾಯಲ್ಲಿ ಉಸಿರಾಟ, ಉಸಿರು ನಿಂತು ಬೆಚ್ಚಿಬೀಳುವುದು ಇದ್ದರೆ ಅಷ್ಟು ದಿನವೂ ಕಾಯಬೇಡಿ. ಮೂಗಿನ ಹಿಂದಿನ ಅಡಿನಾಯ್ಡ್ ಎಂಬ ಗ್ರಂಥಿ ದಪ್ಪಗಾಗಿರಬಹುದು. ಹಾಸಿಗೆಯಲ್ಲಿ ಕಾಲು ಒದರುತ್ತಲೇ ಇದ್ದರೆ ಅದು ಕಬ್ಬಿಣದ ಕೊರತೆಯಿಂದಲೂ ಇರಬಹುದು, ರಕ್ತದಲ್ಲಿನ ಕಬ್ಬಿಣದ ಅಂಶದ ಪರೀಕ್ಷೆಯ ಬಗ್ಗೆ ಕೇಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇತ್ತು.

ಎಣ್ಣೆಯ ಶೀಶೆಯನ್ನು ಔಷಧದಂತೆಯೇ ಬೀಗ ಹಾಕಿ ಇಡಿ. ಮಗು ಯಾವುದೇ ಸುಗಂಧ ತೈಲವನ್ನಾಗಲಿ, ನೀಲಗಿರಿ ಎಣ್ಣೆಯನ್ನಾಗಲಿ ಒಂದು ಗುಟುಕು ಕುಡಿದರೂ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗುವಾಗ ಶೀಶೆಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.